ಮೂರನೇ ಲೇನಿನಲ್ಲಿ ಸೀಟಿ ಯಾರಿಗೆ ಕೇಳಿಸುತ್ತದೆ?

ನಗರ ಈಜುಕೊಳದ ಅಧೀಕ್ಷಕರಿಗೆ, ಊರವರೆಲ್ಲರ ಕಣ್ಣೆದುರಿಗೆ

ಮಾನ್ಯರೇ,

ಕಳೆದ ತಿಂಗಳು ತಾವು ಈಜುಕೊಳದ ಗೋಡೆಗೆ ಹೊಡೆಸಿದ ನೀಲಿ ಫಲಕವನ್ನು ತೆಗೆಸಬೇಕು, ಮತ್ತು ಆ ಫಲಕದ ದೆಸೆಯಿಂದ ರದ್ದಾಗಿರುವ ಒಬ್ಬ ಹೆಂಗಸಿನ ಪ್ರವೇಶಪತ್ರವನ್ನು ಹಿಂದಿರುಗಿಸಬೇಕು. ವಿಷಯ ಇಷ್ಟೇ. ಇಷ್ಟಕ್ಕೇ ಪತ್ರ ಮುಗಿಸಬಹುದಿತ್ತು. ಆದರೆ ಎರಡು ಸಾಲಿನ ಅರ್ಜಿಯನ್ನು ಯಾವ ಕಚೇರಿಯೂ ಗಂಭೀರವಾಗಿ ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ. ಮೂವತ್ತೊಂದು ವರ್ಷಗಳಿಂದ ಕಚೇರಿಗಳ ಎದುರು ಮೇಜು, ಕುರ್ಚಿ, ಕೊಡೆ ಹಾಕಿಕೊಂಡು ಕೂತು ಕಂಡವರಿಗೆಲ್ಲ ಅರ್ಜಿ ಬರೆದುಕೊಡುವುದೇ ನನ್ನ ಕಸುಬು. ಉದ್ದ ಬರೆದರೆ ಮಾತ್ರ ಮುದ್ರೆ ಬೀಳುತ್ತದೆಂಬುದು ನನಗೆ ಚೆನ್ನಾಗಿ ಗೊತ್ತು. ಇದೇ ಮನವಿಯನ್ನು ತಮ್ಮ ಕೌಂಟರಿನಲ್ಲಿ ಎರಡು ಸಲ ಕೊಟ್ಟಿದ್ದೇನೆ. ಎರಡು ಸಲವೂ ಗುಮಾಸ್ತರು ಮುದ್ರೆ ಒತ್ತಿ, "ಆಯ್ತು ಬಿಡಿ, ಸಾಹೇಬ್ರು ನೋಡ್ತಾರೆ" ಎಂದರು. ತಾವು ನೋಡಲಿಲ್ಲ. ಇನ್ನು ಊರೇ ನೋಡಲಿ ಎಂದು ಪತ್ರಿಕೆಗೆ ಕೊಟ್ಟಿದ್ದೇನೆ.

ಮೊದಲು ಫಲಕದ ಮಾತು. ಅದರ ಭಾಷೆಯನ್ನು ಕಸುಬಿನವನಾಗಿ ನಾನು ಮೆಚ್ಚಲೇಬೇಕು. "ಸಾರ್ವಜನಿಕರಿಂದ ಬಂದ ದೂರಿನ ಮೇರೆಗೆ" ಎಂದು ಮೇಲೆ ಒಂದು ಸಾಲು. ಅದರ ಕೆಳಗೆ: "ಪಥದಲ್ಲಿ ಈಜುವವರು ಮುಂದಿರುವವರ ದೇಹದ ಯಾವುದೇ ಭಾಗವನ್ನು, ವಿಶೇಷವಾಗಿ ಪಾದವನ್ನು, ಸ್ಪರ್ಶಿಸತಕ್ಕದ್ದಲ್ಲ. ಮುಂದೆ ಸಾಗಲು ಇಚ್ಛಿಸುವವರು ಕೈ ಮೇಲೆತ್ತಿ ಜೀವರಕ್ಷಕರ ಗಮನ ಸೆಳೆಯತಕ್ಕದ್ದು. ಜೀವರಕ್ಷಕರು ಸೀಟಿ ಊದಿದೊಡನೆ ಮುಂದಿನವರು ದಾರಿ ಬಿಡತಕ್ಕದ್ದು. ಮೂರು ಬಾರಿ ಸೀಟಿಯನ್ನು ಪಾಲಿಸದವರ ಪ್ರವೇಶಪತ್ರ ರದ್ದಾಗುವುದು." ನಾಲ್ಕು ವಾಕ್ಯ, ಮೂರು ತಕ್ಕದ್ದು, ಒಂದು ರದ್ದು. ಇದಕ್ಕಿಂತ ಅಡಕವಾಗಿ ನಾನೂ ಬರೆಯಲಾರೆ. ಒಂದೇ ಕೊರತೆ ಎಂದರೆ, ಈಜುವವರು ಕನ್ನಡಕ ಬಿಚ್ಚಿಟ್ಟು ನೀರಿಗೆ ಇಳಿಯುತ್ತಾರೆ, ಆದ್ದರಿಂದ ಓದಬೇಕಾದ ಯಾರಿಗೂ ಅದು ಕಾಣುವುದಿಲ್ಲ. ದಡದಲ್ಲಿ ಬಟ್ಟೆ ಹಾಕಿಕೊಂಡು ನಿಂತವರು ಮಾತ್ರ ಓದಬಹುದು, ಅವರು ಹೇಗೂ ಯಾರ ಪಾದವನ್ನೂ ಮುಟ್ಟುವುದಿಲ್ಲ. ಇನ್ನು ಆ ಮೇಲಿನ ಸಾಲಿನಲ್ಲಿರುವ ದೂರಿನ ವಿಚಾರಕ್ಕೆ ಆಮೇಲೆ ಬರುತ್ತೇನೆ. ಬರಲೇಬೇಕಾಗಿದೆ.

ತಾವು ನೀರಿಗೆ ಇಳಿದದ್ದನ್ನು ಕಂಡವರು ನಮ್ಮಲ್ಲಿ ಯಾರೂ ಇಲ್ಲ. ಇದು ಆಕ್ಷೇಪಣೆಯಲ್ಲ, ಅಂಚೆ ಕಚೇರಿಯವರು ದಿನಾ ಪತ್ರ ಬರೆಯಬೇಕೆಂದೇನೂ ಇಲ್ಲ. ತಮ್ಮ ಕೋಣೆಯ ಕಿಟಕಿ ಕೊಳದ ಕಡೆಗೇ ಇದೆ, ಅದಕ್ಕೆ ಅಡ್ಡವಾಗಿ ಕಡತದ ಕಪಾಟು ಇದೆ. ಹಾಗಾಗಿ ಬೆಳಿಗ್ಗೆ ಆರರಿಂದ ಏಳರವರೆಗೆ ಮೂರನೇ ಲೇನಿನಲ್ಲಿ ಏನು ನಡೆಯುತ್ತದೆಂದು ತಮಗೆ ವಿವರಿಸುವ ಭಾರ ನನ್ನ ಮೇಲೆ ಬಿದ್ದಿದೆ.

ಲೇನಿನ ಅಗಲ, ಇಬ್ಬರು ಕೈ ಚಾಚಿ ನಿಂತರೆ ತುಂಬಿಹೋಗುವಷ್ಟು. ಅದರಲ್ಲಿ ನಾವು ಏಳು ಜನ. ಹಲ್ಲಿನ ಡಾಕ್ಟರು, ಬೇಕರಿಯವನು, ರಾತ್ರಿ ಪಾಳಿ ಮುಗಿಸಿ ನೇರವಾಗಿ ಬರುವ ನರ್ಸಮ್ಮ, ಒಂದೇ ಶಾಲೆಯ ಇಬ್ಬರು ಟೀಚರುಗಳು, ನನ್ನ ಅತ್ತಿಗೆ ಮತ್ತು ನಾನು. ಏಳು ಜನ ಒಂದೇ ಓಣಿಯಲ್ಲಿ ಒಂದು ಗಂಟೆ ಹೊತ್ತು ಒಬ್ಬರಿಗೊಬ್ಬರು ಢಿಕ್ಕಿ ಹೊಡೆಯದೆ ಈಜುವುದು ಹೇಗೆ? ತಳದಲ್ಲಿ ಕಪ್ಪು ಗೆರೆ ಇದೆ. ಹೋಗುವಾಗ ಅದರ ಬಲಕ್ಕೆ, ಬರುವಾಗಲೂ ನಮ್ಮ ನಮ್ಮ ಬಲಕ್ಕೆ. ಎಲ್ಲರಿಗಿಂತ ಜೋರಾಗಿ ಈಜುವವರು ಮೊದಲು, ಅವರು ಹೋದ ಐದು ಸೆಕೆಂಡಿಗೆ ಮುಂದಿನವರು. ದಣಿದವರು ಗೋಡೆಯ ಮೂಲೆಗೆ ಸರಿದು ಹಗ್ಗ ತಬ್ಬಿಕೊಂಡು ನಿಲ್ಲಬೇಕು, ಗೋಡೆಯ ನಟ್ಟನಡುವೆ ನಿಂತು ಆಕಾಶ ನೋಡಬಾರದು. ಹಿಂದಿನವರಿಗೆ ಮುಂದೆ ಹೋಗಬೇಕಾದರೆ ಮುಂದಿನವರ ಅಂಗಾಲನ್ನು ಬೆರಳ ತುದಿಯಿಂದ ಮೆಲ್ಲಗೆ ಒಮ್ಮೆ ತಟ್ಟುತ್ತಾರೆ. ತಟ್ಟಿಸಿಕೊಂಡವರು ಅಲ್ಲೇ ನಿಲ್ಲುವುದಿಲ್ಲ, ಕಾಲು ಜಾಡಿಸುವುದಿಲ್ಲ. ಗೋಡೆ ಮುಟ್ಟಿದ ಮೇಲೆ ಮೂಲೆಗೆ ಸರಿದು ದಾರಿ ಬಿಡುತ್ತಾರೆ. ಅಷ್ಟೇ. ಇದನ್ನು ಯಾರೂ ಬರೆದಿಟ್ಟಿಲ್ಲ. ಬೆಳಗಿನ ಹೊತ್ತು ಬಸ್ಸಿನಲ್ಲಿ ಮುದುಕರಿಗೆ ಜಾಗ ಬಿಡುವುದನ್ನೂ ಯಾರೂ ಬರೆದಿಟ್ಟಿಲ್ಲ, ಆದರೂ ಬಿಡುತ್ತೇವೆ.

ಈಗ ಇದರ ಜಾಗಕ್ಕೆ ತಾವು ಸೀಟಿ ತಂದಿದ್ದೀರಿ. ಸ್ವಾಮಿ, ತಲೆ ನೀರಿನೊಳಗೆ, ಕಿವಿಯ ಮೇಲೆ ರಬ್ಬರಿನ ಟೋಪಿ, ಸುತ್ತ ಹದಿನಾಲ್ಕು ಕೈಗಳ ಬಡಿತ. ಇದರ ನಡುವೆ ಸೀಟಿ ಯಾರಿಗೆ ಕೇಳಿಸಬೇಕು? ನಮ್ಮ ಲೈಫ್‌ಗಾರ್ಡ್ ಹನ್ನೆರಡು ವರ್ಷದ ಅನುಭವಸ್ಥ, ತಲೆ ನರೆಯುತ್ತಾ ಬಂದ ಮನುಷ್ಯ. ಫಲಕ ಬಂದ ದಿನ ಅದನ್ನು ಎರಡು ಸಲ ಓದಿ ತಲೆ ಕೆರೆದುಕೊಂಡ. "ಸಾರ್, ನಾನು ಊದೋ ಸೀಟಿ ದಡದ ಮೇಲೆ ಓಡೋ ಮಕ್ಕಳಿಗೆ. ನೀರಲ್ಲಿರೋರಿಗೆ ಕೇಳ್ಸೋದಿದ್ರೆ ನಾನ್ಯಾಕೆ ಕೆಳಗಿಳಿದು ಬಂದು ಕೋಲು ಚಾಚಿ ಮುಟ್ಟಿಸ್ತಿದ್ದೆ?" ಎಂದ. ಪ್ರಶ್ನೆ ನ್ಯಾಯವಾಗಿದೆ. ಆದರೆ ಅದನ್ನು ಅವನು ನನ್ನ ಹತ್ತಿರ ಕೇಳಿದ, ತಮ್ಮ ಹತ್ತಿರ ಕೇಳುವ ಧೈರ್ಯ ಅವನಿಗೆ ಎಲ್ಲಿಂದ ಬರಬೇಕು?

ಕೈ ಎತ್ತುವ ವಿಚಾರ ಇದಕ್ಕಿಂತ ಸೊಗಸಾಗಿದೆ. ಫಲಕ ಹಾಕಿದ ಎರಡನೇ ಬೆಳಿಗ್ಗೆ ಬೇಕರಿಯವನು ಅತ್ತಿಗೆಯ ಹಿಂದೆ ಈಜುತ್ತಿದ್ದ. ಅವನಿಗೆ ಮೊದಲ ಅರ್ಧ ಗಂಟೆ ಮೈ ಬಗ್ಗುವುದಿಲ್ಲ, ಕೊನೆಯ ಹತ್ತು ಸುತ್ತಿನಲ್ಲಿ ಎಲ್ಲಿಂದಲೋ ದಮ್ಮು ಬಂದುಬಿಡುತ್ತದೆ. ನಿಯಮಕ್ಕೆ ತಲೆಬಾಗುವ ಪ್ರಾಣಿ. ಅಂಗಾಲು ತಟ್ಟಲು ಚಾಚಿದ ಬೆರಳನ್ನು ಹಿಂತೆಗೆದುಕೊಂಡು, ಕೊಳದ ನಡುಮಧ್ಯೆ ನಿಂತು, ಕೈ ಮೇಲೆತ್ತಿದ. ಅಲ್ಲಿ ಆಳ ಎಂಟು ಅಡಿ. ಕೈ ಮೇಲೆ ಹೋಯಿತು, ಅವನು ಕೆಳಗೆ ಹೋದ. ಮತ್ತೆ ಮೇಲೆ ಬಂದು, ಗಮನ ಸೆಳೆಯತಕ್ಕದ್ದು ಎಂದಿದೆಯಲ್ಲ, ಇನ್ನೂ ಜೋರಾಗಿ ಬೀಸಿದ. ನೀರಿನ ನಡುವೆ ಎದ್ದ ಕೈಗೆ ಹನ್ನೆರಡು ವರ್ಷದಿಂದ ಒಂದೇ ಅರ್ಥ ಕಲಿತ ನಮ್ಮ ಲೈಫ್‌ಗಾರ್ಡ್, ಹಿಂದೆ ಮುಂದೆ ನೋಡದೆ, ಜೇಬಿನಲ್ಲಿದ್ದ ಫೋನಿನ ಸಮೇತ ನೀರಿಗೆ ಹಾರಿದ. ಬೇಕರಿಯವನ ಗಲ್ಲ ಹಿಡಿದು ಅಂಗಾತ ಮಾಡಿ ದಡಕ್ಕೆ ಎಳೆಯತೊಡಗಿದ.

"ಬಿಡಯ್ಯಾ, ನಾನು ಮುಳುಗ್ತಿಲ್ಲ, ಓವರ್‌ಟೇಕ್ ಮಾಡ್ತಿದೀನಿ!"

"ಮುಳುಗೋರೆಲ್ಲ ಹೀಗೇ ಅನ್ನೋದು, ಮಾತಾಡ್ಬೇಡಿ, ಉಸಿರು ಹಿಡೀರಿ!"

ನಾವೆಲ್ಲ ಹಗ್ಗ ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನರ್ಸಮ್ಮನಿಗಂತೂ ಮೂಗಿಗೆ ನೀರು ಹೋಗಿ ಸೀನು ನಿಲ್ಲಲಿಲ್ಲ. ದಡಕ್ಕೆ ಬಂದ ಮೇಲೆ ಇಬ್ಬರೂ ಏದುಸಿರು ಬಿಡುತ್ತಾ ಕೂತರು. ಕೊನೆಗೆ ಲೈಫ್‌ಗಾರ್ಡ್ ಫೋನಿನಿಂದ ನೀರು ಬಸಿಯುತ್ತಾ, "ಇನ್ಮೇಲೆ ಕೈ ಎತ್ತಿದ್ರೆ ಹಾರಲ್ಲ ಮಾರಾಯ್ರೇ, ಸೀಟಿ ಊದಿ ಸುಮ್ನಿರ್ತೀನಿ" ಎಂದ.

ಆ ಮಾತಿಗೂ ನಾವು ನಕ್ಕೆವು. ಮನೆಗೆ ಹೋಗುವ ದಾರಿಯಲ್ಲಿ ನನಗೆ ನಗು ನಿಂತುಹೋಯಿತು. ಮಾನ್ಯರೇ, ಇದನ್ನು ತಾವು ದಯವಿಟ್ಟು ಎರಡು ಸಲ ಓದಬೇಕು. ಈ ಊರಿನಲ್ಲಿ ಮುಳುಗುತ್ತಿರುವವರ ಕೈಗೂ, ಮುಂದೆ ಹೋಗಲು ಅಪ್ಪಣೆ ಕೇಳುವವರ ಕೈಗೂ ವ್ಯತ್ಯಾಸ ಉಳಿಯದಂತೆ ಮಾಡಿದ ಫಲಕ ಅದು. ನಾಳೆ ಯಾರಾದರೂ ನಿಜವಾಗಿ ಕೈ ಎತ್ತಿದರೆ? ಲೈಫ್‌ಗಾರ್ಡ್ ಸೀಟಿ ಊದಿ, ದಾರಿ ಬಿಡಿಸಿ, ನಿಯಮ ಪಾಲನೆಯಾಯಿತೆಂದು ಕೂರುತ್ತಾನೆಯೇ? ತಪ್ಪು ಅವನದಾಗುವುದಿಲ್ಲ, ಯಾಕೆಂದರೆ ಅವನು ತಮ್ಮ ಫಲಕವನ್ನು ಓದಿದ್ದಾನೆ.

ಇನ್ನು ಪ್ರವೇಶಪತ್ರ ಕಳೆದುಕೊಂಡವರ ಮಾತು. ಅವರು ನನ್ನ ಅತ್ತಿಗೆ, ಅಂದರೆ ನಮ್ಮಣ್ಣನ ಹೆಂಡತಿ. ಅರವತ್ನಾಲ್ಕು ವಯಸ್ಸು. ಮೂವತ್ತೈದು ವರ್ಷ ನೂಲಿನ ಗಿರಣಿಯಲ್ಲಿ ದುಡಿದವರು. ಯಂತ್ರಗಳ ಸದ್ದಿಗೆ ಕಿವಿ ಸ್ವಲ್ಪ ಸ್ವಲ್ಪವಾಗಿ ಹೋಗಿ, ನಿವೃತ್ತಿಯ ಹೊತ್ತಿಗೆ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಗಿರಣಿಯಲ್ಲಿ ಪಕ್ಕದವಳನ್ನು ಕರೆಯಬೇಕಾದರೆ ಕೂಗಿ ಪ್ರಯೋಜನವಿರಲಿಲ್ಲವಂತೆ, ಭುಜ ತಟ್ಟಿ ತುಟಿಯಲ್ಲೇ ಮಾತಾಡುತ್ತಿದ್ದರಂತೆ. ಈಗ ಕಿವಿಗೊಂದು ಯಂತ್ರ ಇದೆ. ಅದನ್ನು ಹಾಕಿಕೊಂಡರೆ ಎದುರು ಕೂತು ಆಡಿದ ಮಾತು ಅರ್ಧ ಕೇಳಿಸುತ್ತದೆ, ಇನ್ನರ್ಧವನ್ನು ಅವರು ತುಟಿ ನೋಡಿ ತುಂಬಿಕೊಳ್ಳುತ್ತಾರೆ. ಕೊಳಕ್ಕೆ ಬಂದಾಗ ಅದನ್ನು ಒಂದು ಪುಟ್ಟ ಡಬ್ಬಿಯಲ್ಲಿ ಹತ್ತಿ ಸುತ್ತಿಟ್ಟು ನೀರಿಗೆ ಇಳಿಯುತ್ತಾರೆ. ಇಳಿದ ಮೇಲೆ ಅವರನ್ನು ಹಿಡಿಯುವವರಿಲ್ಲ. ಮೂರನೇ ಲೇನಿನಲ್ಲಿ ಅವರೇ ಮೊದಲು ಹೊರಡುವವರು, ಅದಕ್ಕೇ ನಾವು ಅವರನ್ನು ಇಂಜಿನ್ನು ಎನ್ನುತ್ತೇವೆ. ನಮ್ಮಣ್ಣ ಬಕೆಟ್ಟಿನ ನೀರನ್ನೂ ಅನುಮಾನದಿಂದ ನೋಡುವ ಮನುಷ್ಯ. ಅಂಥವರ ಮನೆಯಿಂದ ಇಂಥ ಇಂಜಿನ್ನು ಹೇಗೆ ಹೊರಟು ಬಂತೋ ದೇವರೇ ಬಲ್ಲ.

ಮೂರು ಸೀಟಿಗಳ ವಿವರ ಹೀಗಿದೆ. ಮೊದಲನೆಯದು ಬೇಕರಿಯವನು ಮರುದಿನ ಮತ್ತೆ ಕೈ ಎತ್ತಿದಾಗ ಊದಿದ್ದು. ಅತ್ತಿಗೆಗೆ ಕೇಳಿಸಲಿಲ್ಲ. ನಿಜ ಹೇಳಬೇಕೆಂದರೆ ಕಿವಿ ಚುರುಕಾಗಿರುವ ನನಗೂ ಕೇಳಿಸಲಿಲ್ಲ. ಆದರೆ ಮುಂದಿದ್ದವರು ಅತ್ತಿಗೆ, ಆದ್ದರಿಂದ ತಪ್ಪು ಅತ್ತಿಗೆಯದು. ಎರಡನೆಯದು ನರ್ಸಮ್ಮ ಕೈ ಎತ್ತಿದಾಗ. ಅವರಿಗೆ ಸ್ನಾಯು ಹಿಡಿದುಕೊಂಡು, ಬೇಗ ಗೋಡೆ ಸೇರಿ ಮೇಲೆ ಹೋಗಬೇಕಿತ್ತು. ಮೂರನೆಯದು ಈ ಎಲ್ಲಕ್ಕೂ ಕಲಶವಿಟ್ಟಂತೆ. ಆ ದಿನ ಯಾರಿಗೂ ಮುಂದೆ ಹೋಗುವ ಇಚ್ಛೆಯೇ ಇರಲಿಲ್ಲ. ದೊಡ್ಡ ಟೀಚರು ಅಂಗಾತ ಈಜುತ್ತಿದ್ದರು, ಅಷ್ಟೇ. ಅಂಗಾತ ಈಜುವವರು ಕೈ ಮೇಲೆತ್ತದೆ ಇನ್ನೇನನ್ನು ಎತ್ತಬೇಕು? ಹೊಸ ನಿಯಮ ಹೇಗೆ ನಡೆಯುತ್ತಿದೆಯೆಂದು ವರದಿ ಬರೆಯಲು ತಮ್ಮ ಗುಮಾಸ್ತರು ಅಂದೇ ದಡಕ್ಕೆ ಬಂದು ನಿಂತಿದ್ದರು. "ನೋಡಯ್ಯಾ, ಕೈ ಎತ್ತಿದಾರೆ, ಊದು" ಎಂದರು. ಲೈಫ್‌ಗಾರ್ಡ್ ಊದಿದ. ಅತ್ತಿಗೆ ಮುಂದಕ್ಕೆ ಈಜಿಕೊಂಡು ಹೋದರು. ಗುಮಾಸ್ತರು ಬರೆದುಕೊಂಡರು.

ಎರಡು ದಿನ ಬಿಟ್ಟು ಅತ್ತಿಗೆಗೆ ತಮ್ಮ ಕಚೇರಿಯ ಪತ್ರ ಬಂತು. ಪ್ರವೇಶಪತ್ರ ರದ್ದು. ಕೆಳಗೆ ಒಂದು ಕೃಪಾದೃಷ್ಟಿಯ ಸಾಲು: ಅವರ "ದೈಹಿಕ ಸ್ಥಿತಿಯನ್ನು ಗಮನಿಸಿ" ಬೇಕಿದ್ದರೆ ಹನ್ನೊಂದು ಗಂಟೆಗೆ ಮಕ್ಕಳ ಆಳವಿಲ್ಲದ ಕೊಳವನ್ನು ಬಳಸಿಕೊಳ್ಳಬಹುದು. ಸ್ವಾಮಿ, ಆ ಕೊಳದ ನೀರು ಅತ್ತಿಗೆಯ ಮೊಣಕಾಲಿಗೆ ಬರುತ್ತದೆ. ಅಲ್ಲಿ ಅವರು ಈಜಬೇಕೋ, ಬಟ್ಟೆ ಒಗೆಯಬೇಕೋ? ತಮ್ಮ ಉದ್ದೇಶ ಒಳ್ಳೆಯದೇ ಇದ್ದೀತು, ಆದರೆ ಓದಿದಾಗ ನನ್ನ ಪಿತ್ತ ನೆತ್ತಿಗೇರಿತು.

ಅತ್ತಿಗೆ ಜಗಳವಾಡಲಿಲ್ಲ. ಆಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಮರುದಿನ ಆರು ಗಂಟೆಗೆ ಎದ್ದು ಮನೆಯ ಪರದೆಗಳನ್ನೆಲ್ಲ ಇಳಿಸಿ ಒಗೆದರು. ಅದರ ಮರುದಿನ ಹೊದಿಕೆಗಳು. ಅವೂ ಮುಗಿದ ಮೇಲೆ ನಮ್ಮ ಮನೆಯ ಪರದೆಗಳನ್ನೂ ತರಿಸಿಕೊಂಡರು. ನಮ್ಮಣ್ಣ ಫೋನು ಮಾಡಿ ಪಿಸುಗುಟ್ಟಿದರು, "ಏನಾದ್ರೂ ಮಾಡೋ. ಇನ್ನು ಒಗೆಯೋಕೆ ಈ ಮನೇಲಿ ಉಳಿದಿರೋದು ನಾನೊಬ್ನೇ." ಅಣ್ಣನಿಗೆ ಪಿಸುಗುಟ್ಟುವ ಅಗತ್ಯವೇ ಇರಲಿಲ್ಲ, ಅತ್ತಿಗೆಗೆ ಹೇಗೂ ಕೇಳಿಸುವುದಿಲ್ಲ. ಆದರೂ ಪಿಸುಗುಟ್ಟಿದರು. ನಾನು ನಕ್ಕೆ, ಆಮೇಲೆ ಆ ದಿನವೆಲ್ಲ ಮೇಜಿನ ಮುಂದೆ ಕೂತರೂ ಒಂದು ಅರ್ಜಿಯೂ ನೆಟ್ಟಗೆ ಬರೆಯಲಾಗಲಿಲ್ಲ.

ಯಾಕೆಂದರೆ, ಮಾನ್ಯರೇ, "ಸಾರ್ವಜನಿಕರಿಂದ ಬಂದ ದೂರು" ಎಂದು ತಾವು ಫಲಕದಲ್ಲಿ ಬರೆಸಿದ್ದೀರಲ್ಲ, ಆ ಸಾರ್ವಜನಿಕರು ನಾನೇ.

ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ. ಮೂವತ್ತೊಂದು ವರ್ಷ ಮೇಜಿನ ಮೇಲೆ ಬಗ್ಗಿ ಬಗ್ಗಿ ನನ್ನ ಕತ್ತು ಒಂದು ಕಡೆಗೆ ವಾಲಿಬಿಟ್ಟಿತ್ತು. ಮೂಳೆ ಡಾಕ್ಟರು ದಿನಾ ಈಜಿ ಎಂದರು. ಅತ್ತಿಗೆಯೇ ಕೈ ಹಿಡಿದು ಕರೆತಂದು ಹೆಸರು ಬರೆಸಿದರು. ಮೊದಲ ಮೂರು ವಾರ ಒಂದನೇ ಲೇನಿನಲ್ಲಿ ಒಬ್ಬನೇ ಒದ್ದಾಡಿಕೊಂಡಿದ್ದೆ. ಅಲ್ಲಿ ಯಾವ ಶಿಷ್ಟಾಚಾರವೂ ಇಲ್ಲ, ಬದುಕಿ ಬಂದರೆ ಸಾಕು. ನಾಲ್ಕನೇ ವಾರ ನನಗೆ ಮೂರಕ್ಕೆ ಬಡ್ತಿ ಕೊಟ್ಟರು. ಲೇನಿನ ನಿಯಮಗಳನ್ನು ಹಲ್ಲಿನ ಡಾಕ್ಟರು ಹೇಳಿರುತ್ತಾರೆಂದು ಅತ್ತಿಗೆ ಅಂದುಕೊಂಡರು, ಅತ್ತಿಗೆ ಹೇಳಿರುತ್ತಾರೆಂದು ಡಾಕ್ಟರು ಅಂದುಕೊಂಡರು. ನಾನು ಬಡ್ತಿಯ ಹುಮ್ಮಸ್ಸಿನಲ್ಲಿ, ಎಲ್ಲರೂ ಗೋಡೆಯ ಹತ್ತಿರ ಸಾಲಾಗಿ ನಿಂತು ಗಡಿಯಾರ ನೋಡುತ್ತಿರುವಾಗಲೇ, ಎಲ್ಲರಿಗಿಂತ ಮುಂಚೆ ಧುಮುಕಿ ಹೊರಟುಬಿಟ್ಟೆ.

ಅರ್ಧ ದಾರಿಯಲ್ಲಿ ಯಾರೋ ನನ್ನ ಅಂಗಾಲು ತಟ್ಟಿದರು. ಕೈ ತಾಗಿರಬೇಕು ಎಂದುಕೊಂಡೆ. ಗೋಡೆ ಮುಟ್ಟಿ ತಿರುಗಿದೆ, ದಾರಿ ಬಿಡಲಿಲ್ಲ. ಮತ್ತೆ ತಟ್ಟಿದರು. ಇನ್ನೂ ಜೋರಾಗಿ ಕಾಲು ಬಡಿದೆ. ಮೂರನೇ ಸಲ ತಟ್ಟಿದಾಗ ಸಿಟ್ಟು ಬಂತು. ಗೋಡೆಯ ನಟ್ಟನಡುವೆ ಎದ್ದು ನಿಂತು ಹಿಂತಿರುಗಿ ನೋಡಿದರೆ ಆರು ಟೋಪಿ, ಆರು ಜೊತೆ ಕಪ್ಪು ಗಾಗಲ್ಸು, ಯಾರು ಯಾರೆಂದೇ ತಿಳಿಯದು. ಹಲ್ಲಿನ ಡಾಕ್ಟರು ಮಾತ್ರ ತಮ್ಮ ಕಸುಬಿಗೆ ತಕ್ಕಂತೆ ಎಲ್ಲ ಹಲ್ಲೂ ಕಾಣುವ ಹಾಗೆ ನಗುತ್ತಿದ್ದರು. ಇವರೇ ಎಂದು ತೀರ್ಮಾನಿಸಿಬಿಟ್ಟೆ. ಅರ್ಧಕ್ಕೇ ಮೇಲೆದ್ದು, ತೊಟ್ಟಿಕ್ಕುವ ಮೈಯಲ್ಲಿ ಕೌಂಟರಿಗೆ ಹೋಗಿ, "ದೂರು ಪುಸ್ತಕ ಕೊಡಿ" ಎಂದೆ.

ಪೆನ್ನು ಕೈಗೆ ಬಂದರೆ ನನ್ನನ್ನು ನಿಲ್ಲಿಸುವುದು ಕಷ್ಟ. "ಮೇಲ್ಕಂಡ ದಿನಾಂಕದಂದು ಬೆಳಿಗ್ಗೆ ಸುಮಾರು ಆರೂವರೆ ಗಂಟೆಗೆ ಅಪರಿಚಿತ ವ್ಯಕ್ತಿಯೋರ್ವರು ನನ್ನ ಅಂಗಾಲನ್ನು ಮೂರು ಬಾರಿ ಉದ್ದೇಶಪೂರ್ವಕವಾಗಿ ಸ್ಪರ್ಶಿಸಿ ನನ್ನ ಘನತೆಗೆ ಕುಂದುಂಟುಮಾಡಿರುತ್ತಾರೆ" ಎಂದು ಶುರುಮಾಡಿ ಪುಟ ತುಂಬಿಸಿದೆ. ಕೊನೆಯಲ್ಲಿ "ಸೂಕ್ತ ನಿಯಮಾವಳಿಯನ್ನು ರೂಪಿಸಿ ಫಲಕದ ಮೂಲಕ ಪ್ರಕಟಿಸುವುದು" ಎಂಬ ಸಲಹೆಯನ್ನೂ ಸೇರಿಸಿದೆ. ಹೌದು, ಫಲಕದ ಯೋಚನೆಯೂ ನನ್ನದೇ. ತಮಗೆ ಸೇರಿದ್ದು ಸೀಟಿ ಮಾತ್ರ.

ಮರುದಿನವೇ ಬೇಕರಿಯವನು ಬಟ್ಟೆ ಬದಲಿಸುವ ಕೋಣೆಯಲ್ಲಿ ನನಗೆ ಅಂಗಾಲು ತಟ್ಟುವುದರ ಅರ್ಥ ಹೇಳಿದ. "ಅಯ್ಯೋ, ಅದು ದಾರಿ ಬಿಡಿ ಅಂತ ಕೇಳೋದು ಸಾರ್. ನೀವೇನು ಅಂದ್ಕೊಂಡ್ರಿ?" ನಾನೇನು ಅಂದುಕೊಂಡೆ ಎಂಬುದು ಒಂದು ಪುಟದಷ್ಟಿತ್ತು, ಹೇಳಲಿಲ್ಲ. ನಾಚಿಕೆಯಾಯಿತು. ಕೌಂಟರಿಗೆ ಹೋಗಿ ಆ ಪುಟದ ಮೇಲೆ ಅಡ್ಡಗೆರೆ ಎಳೆದು ಬರಬಹುದಿತ್ತು. ಹೋಗಲಿಲ್ಲ. ಕಾರಣ ಸೋಮಾರಿತನವಲ್ಲ, ಅನುಭವ. ನಾನು ಬರೆದುಕೊಟ್ಟ ಬೀದಿದೀಪದ ಅರ್ಜಿಗೆ ಎರಡು ವರ್ಷ ಹಿಡಿದಿತ್ತು. ಮೋರಿಯ ಕಲ್ಲಿನದು ಇನ್ನೂ ನಡೆಯುತ್ತಿದೆ, ಅರ್ಜಿ ಕೊಟ್ಟವರ ಮಗನಿಗೆ ಈಗ ಮದುವೆಯಾಗಿದೆ. ದೂರು ಪುಸ್ತಕದಲ್ಲಿ ಬರೆದದ್ದನ್ನು ಯಾರು ಓದುತ್ತಾರೆ ಎಂದು ಧೈರ್ಯವಾಗಿದ್ದೆ. ತಾವು ಓದಿದಿರಿ! ನಾಲ್ಕೇ ದಿನಕ್ಕೆ ಕ್ರಮ ತೆಗೆದುಕೊಂಡಿರಿ! ನನ್ನ ವೃತ್ತಿಜೀವನದಲ್ಲಿ ಇಷ್ಟು ಬೇಗ ಫಲ ಕೊಟ್ಟ ಅರ್ಜಿ ಇನ್ನೊಂದಿಲ್ಲ. ಹಾಳಾದ್ದು, ಇದೇ ಕೊಡಬೇಕಿತ್ತೇ?

ಫಲಕ ಬಂದ ದಿನ ಲೇನಿನವರೆಲ್ಲ ಸೇರಿ ಆ ದೂರುದಾರನಿಗೆ ಚೆನ್ನಾಗಿ ಮಂಗಳಾರತಿ ಮಾಡಿದರು. "ಯಾವನೋ ತಲೆಕೆಟ್ಟೋನು" ಎಂದರು ಡಾಕ್ಟರು. "ಕಾಲಿಗೆ ಚಿನ್ನ ಕಟ್ಕೊಂಡು ಬಂದಿದ್ನೇನೋ" ಎಂದರು ನರ್ಸಮ್ಮ. ಎಲ್ಲರಿಗಿಂತ ಜೋರಾಗಿ ಬೈದವನು ನಾನು. ಎಷ್ಟು ಜೋರಾಗಿ ಎಂದರೆ ಟೀಚರುಗಳಿಬ್ಬರೂ ನನ್ನನ್ನು ಸಮಾಧಾನ ಮಾಡಬೇಕಾಯಿತು. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಕಳೆದ ಭಾನುವಾರ ಮಧ್ಯಾಹ್ನ ಅಣ್ಣನ ಮನೆಗೆ ಹೋದೆ. ಅತ್ತಿಗೆ ನಮ್ಮ ಮನೆಯ ಪರದೆಗಳಿಗೆ ಇಸ್ತ್ರಿ ಹಾಕುತ್ತಿದ್ದರು. ತುಟಿ ಕಾಣಲೆಂದು ಅವರ ಎದುರಿಗೆ ಕೂತೆ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಕರಡು ಮಾಡಿಕೊಂಡು ಬಂದಿದ್ದೆ, ಒಂದು ಅಕ್ಷರವೂ ನೆನಪಾಗಲಿಲ್ಲ.

"ಅತ್ತಿಗೆ, ಆ ದೂರು ಬರೆದದ್ದು ನಾನೇ."

"ಏನು? ಸ್ವಲ್ಪ ಜೋರಾಗಿ ಹೇಳು."

"ಆ ದೂರು ಬರೆದದ್ದು ನಾನೇ!"

"ಕೇಳಿಸ್ತಿಲ್ಲ ಕಣೋ, ಇನ್ನೂ ಜೋರು."

"ದೂರು ಕೊಟ್ಟೋನು ನಾನೇ ಅತ್ತಿಗೇ!" ಎಂದು ಕಿರುಚಿದೆ. ಒಳಗಿನಿಂದ ಅಣ್ಣ ಓಡಿಬಂದರು. ಪಕ್ಕದ ಮನೆಯ ಕಿಟಕಿ ತೆರೆಯಿತು.

ಅತ್ತಿಗೆ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ನಗತೊಡಗಿದರು. "ಮೊದಲನೇ ಸಲಕ್ಕೇ ಗೊತ್ತಾಯ್ತು. ನಾನೂ ನಿನ್ನ ಕಾಲು ಮೂರು ಸಲ ತಟ್ಟಿದ್ದೆ, ನಿನಗೆ ಗೊತ್ತಾಯ್ತಾ? ಅದಕ್ಕೇ ಮೂರು ಸಲ ಹೇಳಿಸ್ದೆ."

ಹಿಂದೆ ಇದ್ದದ್ದು ಡಾಕ್ಟರಲ್ಲ, ಅತ್ತಿಗೆ. ಇಂಜಿನ್ನಿನ ಮುಂದೆ ಹೋಗಿ ಅಡ್ಡ ನಿಂತವನು ನಾನು. ರದ್ದಾದ ಮರುದಿನ ಅತ್ತಿಗೆ ಕೌಂಟರಿಗೆ ಹೋಗಿ ದೂರು ಪುಸ್ತಕ ತೆಗೆಸಿ ನೋಡಿದ್ದರಂತೆ. "ನಿನ್ನ ಅಕ್ಷರ ನನಗೆ ಗೊತ್ತಿಲ್ವಾ? 'ಘನತೆಗೆ ಕುಂದು' ಅಂತೆ. ಕೆಟ್ಟು ನಿಂತ ಲಾರಿ ಹಿಂದೆ ಸಿಕ್ಕಿಹಾಕ್ಕೊಂಡಿದ್ದೆ ಕಣೋ ಆವತ್ತು ನಾನು."

"ಹಾಗಾದ್ರೆ ಯಾಕೆ ಕೇಳ್ಲಿಲ್ಲ?"

"ನೀನೇ ಬಂದು ಹೇಳ್ತೀಯೋ ಇಲ್ವೋ ನೋಡೋಣ ಅಂತ. ಒಂಬತ್ತು ದಿನ ತಗೊಂಡೆ."

"ಕೋಪ ಇದೆಯಾ?"

"ಇದೆ" ಎಂದರು. ಈಗ ಅವರು ನಗುತ್ತಿರಲಿಲ್ಲ. "ದೂರು ಬರೆದದ್ದಕ್ಕಲ್ಲ. ಗೊತ್ತಿಲ್ಲದೆ ಬರೆದೆ. ಎಲ್ಲರ ಜೊತೆ ನಿಂತ್ಕೊಂಡು ಬೈದೆಯಲ್ಲ, ಅದಕ್ಕೆ." ಪರದೆಯ ಅಂಚನ್ನು ಎರಡು ಸಲ ಮಡಚಿದರು. "ನನ್ನ ಹತ್ರ ಮಾತಾಡ್ಬೇಕಾದ್ರೆ ಊರೆಲ್ಲ ಕೂಗುತ್ತೆ. ಅಂಗಡಿಯೋನು ಕೂಗ್ತಾನೆ, ನಿಮ್ಮಣ್ಣ ಕೂಗ್ತಾರೆ, ಮೊಮ್ಮಗು ಕೂಡ ಕೂಗೋಕೆ ಕಲ್ತಿದೆ. ಎಲ್ಲರ ಮುಖದಲ್ಲೂ ಒಂದು ಸುಸ್ತು ಇರುತ್ತೆ. ಆ ನೀರಲ್ಲಿ ಮಾತ್ರ ಯಾರೂ ಕೂಗಲ್ಲ. ಬೇಕಾದ್ರೆ ತಟ್ತಾರೆ, ನಾನು ದಾರಿ ಬಿಡ್ತೀನಿ. ನನಗೆ ಬೇಕಾದ್ರೆ ನಾನು ತಟ್ತೀನಿ. ಅಲ್ಲಿ ನಾನು ಕಿವುಡಿ ಅಂತ ಯಾರಿಗೂ ನೆನಪೇ ಇರಲ್ಲ ಕಣೋ, ನನಗೂ ಇರಲ್ಲ. ಅದೊಂದು ಗಂಟೆ ನನಗೆ ವಾಪಸ್ ಬೇಕು. ನೀನು ಬರೆದು ಕಳೆದದ್ದು, ನೀನೇ ಬರೆದು ತರಿಸು. ಎಲ್ಲರಿಗೂ ಕಾಣೋ ಹಾಗೆ ಬರಿ."

ಅದಕ್ಕೇ ಈ ಪತ್ರ, ಮಾನ್ಯರೇ. ನನ್ನ ಜೀವನದಲ್ಲಿ ಬೇರೆಯವರಿಗಾಗಿ ಸಾವಿರಾರು ಅರ್ಜಿ ಬರೆದಿದ್ದೇನೆ. ಯಾವುದನ್ನೂ ಇಷ್ಟು ಸಲ ಹರಿದು ಮತ್ತೆ ಬರೆದಿರಲಿಲ್ಲ. ಮೂರನೇ ಲೇನಿನ ಉಳಿದ ಐವರು ಈ ವಿಷಯವನ್ನು ತಿಳಿಯುವುದು ಇಂದು ಈ ಪತ್ರಿಕೆಯಿಂದಲೇ. ಬೇಕರಿಯವನು ತನ್ನ ಅಂಗಡಿಯ ಗೋಡೆಗೆ ಇದನ್ನು ಅಂಟಿಸುತ್ತಾನೆಂದು ನನಗೆ ಈಗಲೇ ಗೊತ್ತು. ಡಾಕ್ಟರಲ್ಲಿ ಇಲ್ಲಿಯೇ ಕ್ಷಮೆ ಕೇಳುತ್ತೇನೆ. ಅವರ ನಗುವಿನಲ್ಲಿ ಯಾವ ದುರುದ್ದೇಶವೂ ಇರಲಿಲ್ಲ, ಅವರ ಮುಖ ಇರುವುದೇ ಹಾಗೆ.

ತಮ್ಮಲ್ಲಿ ತಪ್ಪು ಹುಡುಕಿಕೊಂಡು ನಾನು ಹೊರಟಿಲ್ಲ. ಕೊಳದ ನೀರು ತಿಳಿಯಾಗಿರುತ್ತದೆ, ಗೋಡೆಯ ಗಡಿಯಾರ ಒಂದು ಸೆಕೆಂಡೂ ತಪ್ಪುವುದಿಲ್ಲ, ದೂರನ್ನು ಓದಿ ಕ್ರಮ ಕೈಗೊಳ್ಳುವ ಅಧಿಕಾರಿಯನ್ನು ನಾನು ಹುಟ್ಟಿದಾಗಿನಿಂದ ಮೊದಲ ಬಾರಿಗೆ ಕಂಡದ್ದು ತಮ್ಮಲ್ಲೇ. ಆ ಚುರುಕನ್ನು ಇನ್ನೊಂದು ಸಲ ತೋರಿಸಿ ಎಂದಷ್ಟೇ ಕೇಳುತ್ತಿದ್ದೇನೆ. ಅಂಗಾಲು ತಟ್ಟುವುದು ಅವಮಾನವಲ್ಲವೆಂದು ಯಾರು ಹೇಳಿದರೂ ತಮಗೆ ನಂಬಿಕೆ ಬಾರದಿದ್ದರೆ, ಒಂದು ಬೆಳಿಗ್ಗೆ ಆ ಕಪಾಟಿನ ಹಿಂದಿನಿಂದ ಎದ್ದು ಬಂದು ನಮ್ಮ ಜೊತೆ ನೀರಿಗೆ ಇಳಿಯಿರಿ. ಟೋಪಿ, ಗಾಗಲ್ಸು ನಾವು ಕೊಡುತ್ತೇವೆ. ಬೇಕರಿಯವನು ಹಿಂದಿನಿಂದ ಬಂದು ಮೆಲ್ಲಗೆ ಒಂದು ಸಲ ತಟ್ಟುತ್ತಾನೆ. ತಮಗೂ ಸಿಟ್ಟು ಬಂದರೆ ದೂರು ಬರೆದುಕೊಡಲು ನಾನು ದಡದಲ್ಲೇ ಪೆನ್ನು ಹಿಡಿದು ಕೂತಿರುತ್ತೇನೆ.

ದೂರು ಪುಸ್ತಕದಲ್ಲಿರುವ ನನ್ನ ದೂರನ್ನು ಈ ಮೂಲಕ ನಾನು ಸಂಪೂರ್ಣವಾಗಿ, ಬೇಷರತ್ತಾಗಿ ಹಿಂತೆಗೆದುಕೊಂಡಿದ್ದೇನೆ. ಅದು ಹೋದ ಮೇಲೆ ಫಲಕಕ್ಕೆ ಆಧಾರವಿಲ್ಲ, ಫಲಕ ಹೋದ ಮೇಲೆ ರದ್ದತಿಗೆ ಆಧಾರವಿಲ್ಲ. ಕಾನೂನು ಇಷ್ಟು ಸರಳವಲ್ಲವೆಂದು ತಮ್ಮ ಗುಮಾಸ್ತರು ಹೇಳಬಹುದು. ಒಂದು ಸಲ ರದ್ದೆಂದು ಬರೆದ ಮೇಲೆ ಕಡತ ಮುಚ್ಚಲು ಯಾರದ್ದಾದರೂ ಒಂದು ಪ್ರವೇಶಪತ್ರ ರದ್ದಾಗಲೇಬೇಕು ಎನ್ನಬಹುದು. ಕಚೇರಿಗಳ ಕಷ್ಟ ನನಗೆ ಗೊತ್ತಿಲ್ಲದ್ದೇನಲ್ಲ. ಹಾಗೇನಾದರೂ ಇದ್ದರೆ, ಆ ರದ್ದತಿಗೆ ಬೇಕಾದ ಪ್ರವೇಶಪತ್ರವನ್ನು ತಮ್ಮ ಕಚೇರಿಗೆ ಬರುವ ಪ್ರತಿಯ ಜೊತೆ ನಾನೇ ಕಳಿಸಿದ್ದೇನೆ. ಅದರ ಮೇಲೆ ನನ್ನ ಹೆಸರಿದೆ. ಕತ್ತು ಹೇಗೂ ಸುಮಾರಾಗಿ ನೆಟ್ಟಗಾಗಿದೆ, ಇನ್ನು ಸ್ವಲ್ಪ ವಾಲಿದರೂ ಅರ್ಜಿ ಬರೆಯಲು ಅಡ್ಡಿಯಿಲ್ಲ. ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಅತ್ತಿಗೆ ಟೋಪಿ ಹಾಕಿಕೊಂಡೇ ಗೇಟಿನ ಮುಂದೆ ನಿಂತಿರುತ್ತಾರೆ. ದಯವಿಟ್ಟು ಯಾರೂ ಅವರನ್ನು ಕೂಗಿ ಕರೆಯಬೇಡಿ. ಗೇಟು ತೆಗೆದರೆ ಸಾಕು.

ಇಂತಿ,
ಮೂರು ಸಲ ದಾರಿ ಕೇಳಿದರೂ ಬಿಡದೆ ಪುಟಗಟ್ಟಲೆ ದೂರು ಬರೆದ ಮೈದುನ,
ಅರ್ಜಿ ಬರೆಯುವವನು

ಲಗತ್ತು: ಪ್ರವೇಶಪತ್ರ ಒಂದು. ಸ್ವಲ್ಪ ಒದ್ದೆಯಾಗಿದೆ, ಇಂದು ಬೆಳಿಗ್ಗೆ ಕೊನೆಯ ಬಾರಿ ಬಳಸಿದ್ದೇನೆ.